ಸತ್ಯಭಾಮಾ ಜೆನೋವಾದಲ್ಲಿ ಕೋಣೆ ಹಿಡಿದದ್ದು

ಟೋಕಿಯೊದ ಎಡೋಗಾವಾ ಬಡಾವಣೆಯ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ದಿನಾ ಸಂಜೆ ಒಬ್ಬ ನೌಕರ ಪುಟ್ಟ ಯಂತ್ರ ಹಿಡಿದು ಬರುತ್ತಾನೆ. ಅಂದು ಖರ್ಚಾಗದೆ ಉಳಿದ ಸರಕಿನ ಮೇಲೆಲ್ಲ ‘ಅರ್ಧ ಬೆಲೆ’ ಎಂಬ ಚೀಟಿ ಅಂಟಿಸುತ್ತಾ ಸಾಗುತ್ತಾನೆ. ಅವನ ಹಿಂದೆ, ಅಂಟಿಕೊಂಡಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ, ಮಾಸ್ಕ್ ಮೂಗಿನ ಮೇಲೆ ಸರಿಪಡಿಸಿಕೊಳ್ಳುತ್ತಾ ಸತ್ಯಭಾಮಾ ನಡೆಯುತ್ತಾಳೆ. ತಾನು ಹುಡುಕುತ್ತಿರುವುದು ಬೇರೇನೋ ಎಂಬ ಮುಖ. ಅವನು ಬದನೆಕಾಯಿಯ ಪೊಟ್ಟಣಕ್ಕೆ ಚೀಟಿ ಒತ್ತಿ ಕೈ ತೆಗೆಯುವುದಕ್ಕೂ ಅದು ಇವಳ ಬುಟ್ಟಿಗೆ ಬೀಳುವುದಕ್ಕೂ ನಡುವೆ ಒಂದು ಉಸಿರೂ ದಾಟುವುದಿಲ್ಲ. ಆರು ವರ್ಷದ ಟೋಕಿಯೊ ವಾಸದಲ್ಲಿ ಅವಳ ಹುಟ್ಟುಗುಣಕ್ಕೆ ಸಿಕ್ಕ ಕೆಲಸ ಅಷ್ಟೇ.

ಅವಳ ತಂದೆಗೆ ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಬೀಗ, ಚಿಲಕ, ಕೀಲುಗಳ ಅಂಗಡಿ. ಅಲ್ಲಿ ಮೊದಲು ಹೇಳುವ ಬೆಲೆ ಬೆಲೆಯೇ ಅಲ್ಲ, ಬರಿದೆ ಗಂಟಲು ಸರಿಮಾಡಿಕೊಳ್ಳುವುದು. ಗಿರಾಕಿ ಬೆನ್ನು ತಿರುಗಿಸಿ ಎಷ್ಟು ಹೆಜ್ಜೆ ಹಾಕಿದರೆ ಕರೆಯಬೇಕು, ಯಾರನ್ನು ಕರೆಯದೆ ಬಿಟ್ಟರೂ ತಾವೇ ಬರುತ್ತಾರೆ ಎನ್ನುವುದನ್ನೆಲ್ಲ ಅವಳು ಗಲ್ಲಾದ ಪಕ್ಕ ಕೂತು ಹೋಂವರ್ಕ್ ಮಾಡುತ್ತಲೇ ಕಲಿತಿದ್ದಳು. ಅಂಥವಳನ್ನು ತಂದು, ಬೆಲೆಪಟ್ಟಿಯೇ ಕೊನೆಯ ಮಾತು ಎನ್ನುವ ದೇಶದಲ್ಲಿ ಇಳಿಸಿದ್ದ ಅವಳ ಗಂಡ ವಿಘ್ನೇಶ್. ಅವನು ಯೂನಿವರ್ಸಿಟಿಯಲ್ಲಿ ಸಂಶೋಧಕ. ಬಂದರಿನ ಗೋಡೆಗೆ ಅಲೆ ಎಷ್ಟು ಜೋರಾಗಿ ಬಡಿಯುತ್ತದೆ ಎಂದು ಅಳೆಯುವವನು. ಅಲೆಗೆ ಹೆದರದ ಆ ಮನುಷ್ಯ ಹೆಂಡತಿ ಅಂಗಡಿಯಲ್ಲಿ ಬಾಯಿ ತೆರೆದರೆ ಹೆದರುತ್ತಿದ್ದ. “ಇಲ್ಲಿ ಬಾರ್ಗೇನ್ ಮಾಡಲ್ಲ ಕಣೆ, ಪ್ಲೀಸ್” ಎನ್ನುವುದು ಟೋಕಿಯೊದಲ್ಲಿ ಅವನು ಅತಿ ಹೆಚ್ಚು ಸಲ ಹೇಳಿದ ಕನ್ನಡ ವಾಕ್ಯ.

ಎರಡು ಸಾವಿರದ ಇಪ್ಪತ್ತೆರಡರ ಜೂನ್‌ನಲ್ಲಿ ವಿಘ್ನೇಶನಿಗೆ ಇಟಲಿಯ ಜೆನೋವಾದಿಂದ ಕರೆ ಬಂತು. ಸೆಪ್ಟೆಂಬರಿನಲ್ಲಿ ಸಮ್ಮೇಳನ, ಎರಡು ವರ್ಷ ಕಂಪ್ಯೂಟರ್ ಪರದೆಯೊಳಗೆ ನಡೆದದ್ದು ಈ ಸಲ ಊರಿನಲ್ಲೇ ನಡೆಯಲಿದೆ. ಸತ್ಯಭಾಮಾ ಆ ಊರಿನ ಚಿತ್ರಗಳನ್ನು ಫೋನಿನಲ್ಲಿ ತೆರೆದಳು. ಹಳೆಯ ಬಂದರು, ಬೆಟ್ಟಕ್ಕೆ ಹತ್ತಿಕೊಂಡ ಬಣ್ಣಬಣ್ಣದ ಮನೆಗಳು, ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಓಣಿಗಳು, ನೆತ್ತಿಯ ಮೇಲೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ. ಕಡಲೆಹಿಟ್ಟು ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಸುಟ್ಟು ಕೊಡುವ ಅಂಗಡಿಗಳು ಬೇರೆ. ಕೊರೋನಾ ಬಂದಾಗಿನಿಂದ ಅವಳು ಬಾಲ್ಕನಿಯಲ್ಲಿ ನಿಂತು ಅದೇ ನದಿಯ ದಂಡೆ, ಅದೇ ಸೇತುವೆ, ಅದೇ ರೈಲು ನೋಡಿ ನೋಡಿ ಸಾಕಾಗಿದ್ದಳು.

“ರೀ, ನಾನೂ ಬರ್ತೀನಿ.”

ವಿಘ್ನೇಶ್ ಇಲ್ಲ ಎನ್ನುವ ಜಾತಿಯವನಲ್ಲ. ಷರತ್ತು ಹಾಕುವ ಜಾತಿಯವನು. “ಬಾ, ಯಾರು ಬೇಡ ಅಂದ್ರು? ಆದ್ರೆ ಯೂನಿವರ್ಸಿಟಿ ಕೊಡೋದು ನನ್ನೊಬ್ಬನ ಹೋಟೆಲ್ ಖರ್ಚು. ಅದರೊಳಗೆ ಇಬ್ರಿಗೂ ರೂಮ್ ಸಿಗಬೇಕು.”

“ಸಿಗುತ್ತೆ.”

“ಇನ್ನೊಂದು. ವಾಪಸ್ ಬರೋಕೆ ಮುಂಚೆ ಅಲ್ಲಿ ಟೆಸ್ಟ್ ಮಾಡಿಸ್ಬೇಕು. ಪಾಸಿಟಿವ್ ಬಂದ್ರೆ ಜಪಾನಿಗೆ ಪ್ಲೇನ್ ಹತ್ತಿಸಲ್ಲ. ಆಗ ನಮ್ಮನ್ನ ಹತ್ತು ದಿನ ಇಟ್ಕೊಳ್ಳೋ ಹೋಟೆಲ್ ಬೇಕು. ಮೊದಲೇ ಮಾತಾಡಿಟ್ಟಿರಬೇಕು. ಅಂಥದ್ದು ಸಿಕ್ಕಿದ್ರೆ ನೀನೂ ವೀಸಾಗೆ ಹಾಕು. ಜುಲೈ ಮುಗಿಯೋದ್ರೊಳಗೆ.”

ಅವನು ಇದನ್ನು ಹೇಳಿ ನಿಶ್ಚಿಂತೆಯಿಂದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡ. ರೋಗ ಬಂದರೂ ಇಟ್ಟುಕೊಳ್ಳುತ್ತೇವೆ ಎಂದು ಮುಂಗಡವಾಗಿ ಒಪ್ಪುವ ಅಗ್ಗದ ಹೋಟೆಲು ಭೂಮಿಯ ಮೇಲೆ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತು ಎಂದು ಅವಳಿಗೂ ಗೊತ್ತಿತ್ತು.

ಮೊದಲ ವಾರ ಪೂರಾ ದಂಡ. ಜಪಾನಿನಲ್ಲಿ ಹೋಟೆಲಿನವರು ಸಾಧಾರಣವಾಗಿ ಕೋಣೆಗಲ್ಲ, ತಲೆಗೆ ಇಷ್ಟು ಎಂದು ಬೆಲೆ ಹಾಕುತ್ತಾರೆ. ಆ ಅಭ್ಯಾಸದಲ್ಲಿ ಅವಳು ಜೆನೋವಾದ ಪ್ರತಿ ಹೋಟೆಲಿನ ಬೆಲೆಯನ್ನೂ ಎರಡರಿಂದ ಗುಣಿಸಿ, “ಅಬ್ಬಾ” ಎಂದು ಬದಿಗಿಡುತ್ತಿದ್ದಳು. ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಬರುವ ರತ್ನಾ, ಪಕ್ಕದ ಕಟ್ಟಡದವಳು, ಫೋನ್ ಇಣುಕಿ ನೋಡಿ ನಕ್ಕಳು.

“ಅಲ್ಲಿ ರೂಮಿಗೆ ರೇಟ್ ಕಣೆ ಭಾಮಾ, ತಲೆಗಲ್ಲ! ಮಾಮೂಲ್‌ಪೇಟೆ ಹುಡುಗಿ ಡಬಲ್ ಕೊಡೋಕೆ ರೆಡಿ ಆಗಿದಾಳೆ ಅಂದ್ರೆ ನಿಮ್ಮಪ್ಪ ಅಂಗಡಿ ಬಾಗಿಲು ಹಾಕ್ತಾರೆ.”

“ಮೆಲ್ಲಗೆ ಮಾತಾಡೆ, ಯಾರಾದ್ರೂ ಕನ್ನಡದವರು ಕೇಳಿಸ್ಕೊಂಡಾರು.”

ಬೆಲೆಯ ಷರತ್ತು ಹಾಗೆ ಒಂದೇ ನಗೆಯಲ್ಲಿ ಅರ್ಧ ಬಗೆಹರಿಯಿತು. ಉಳಿದದ್ದು ರೋಗದ ಷರತ್ತು. ಅದಕ್ಕೆ ಪತ್ರ ಬರೆಯಬೇಕಿತ್ತು. ಇಲ್ಲೇ ಸತ್ಯಭಾಮಾ ಎಡವಿದ್ದು.

ಅವಳಿಗೆ ಜಪಾನಿ ಕಲಿಸುತ್ತಿದ್ದವರು ಮಿಯಾಜಿಮಾ-ಸಾನ್ ಎಂಬ ನಿವೃತ್ತ ಶಾಲಾ ಟೀಚರ್. ಪತ್ರ ಎಂದರೆ ಮೊದಲು ಋತುವಿನ ಮಾತು, ಆಮೇಲೆ ಎದುರಿನವರ ಕ್ಷೇಮ, ಆಮೇಲೆ ತಾವು ಕೊಡಲಿರುವ ತೊಂದರೆಗೆ ಮುಂಚಿತವಾಗಿ ಕ್ಷಮೆ, ಕೊನೆಗೆ ವಿಷಯ ಎಂದು ಅವರು ಅವಳ ತಲೆಗೆ ಹೊಡೆದು ಕೂರಿಸಿದ್ದರು. ಅಪಾರ್ಟ್‌ಮೆಂಟಿನ ಮೇಲ್ವಿಚಾರಕನಿಂದ ಹಿಡಿದು ಗ್ಯಾಸ್ ಕಂಪನಿಯವರೆಗೆ ಎಲ್ಲರ ಬಳಿಯೂ ಈ ಮದ್ದು ಕೆಲಸ ಮಾಡಿತ್ತು. ಅವಳು ಅದನ್ನೇ ಇಂಗ್ಲಿಷಿಗಿಳಿಸಿ, ಅಗ್ಗವೆನಿಸಿದ ಹೋಟೆಲುಗಳಿಗೆಲ್ಲ ಕಳಿಸಿದಳು. ಟೋಕಿಯೊದಲ್ಲಿ ಮಳೆ ಹಿಡಿದಿದೆ, ನೀಲಿ ಹೂಗಳು ಅರಳಿವೆ. ತಾವೆಲ್ಲ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಾನೂ ನನ್ನ ಗಂಡನೂ ತಮ್ಮಲ್ಲಿಗೆ ಬಂದು ಅಪಾರ ತೊಂದರೆ ಕೊಡಲಿದ್ದೇವೆ, ಅದಕ್ಕಾಗಿ ಈಗಲೇ ತಲೆಬಾಗಿ ಕ್ಷಮೆ ಕೋರುತ್ತೇನೆ. ನಮಗೆ ಸೋಂಕು ತಗುಲಿ ತಮ್ಮ ಕೋಣೆಯಲ್ಲೇ ಮಲಗಿಬಿಟ್ಟರೆ ದಯವಿಟ್ಟು ಮನ್ನಿಸಿ.

ಉತ್ತರಗಳು ತಡವಾಗಲಿಲ್ಲ. ಒಂದು ಹೋಟೆಲಿನವರು ಅವಳು ಮಾಡದೇ ಇದ್ದ ಬುಕಿಂಗನ್ನು ರದ್ದು ಮಾಡಿದ್ದೇವೆಂದು ತಿಳಿಸಿದರು. ಇನ್ನೊಬ್ಬರು ಶೀಘ್ರ ಗುಣಮುಖರಾಗಿ ಎಂದು ಹಾರೈಸಿ ಹತ್ತಿರದ ಆಸ್ಪತ್ರೆಯ ವಿಳಾಸ ಕೊಟ್ಟರು. ಮತ್ತೊಬ್ಬರು ಕಾಯಿಲೆಯ ಹೆಸರು ಕೇಳಿದರು. ಉಳಿದವರ ಕೋಣೆಗಳೆಲ್ಲ ಒಂದೇ ದಿನದಲ್ಲಿ ಭರ್ತಿಯಾಗಿಬಿಟ್ಟಿದ್ದವು.

ವಿಘ್ನೇಶ್ ಅವಳ ಭುಜದ ಮೇಲಿಂದ ಓದಿ ಕೆಮ್ಮಿದ. ನಗುವನ್ನು ಕೆಮ್ಮಾಗಿ ಪರಿವರ್ತಿಸುವುದನ್ನು ಎಲ್ಲ ಗಂಡಂದಿರೂ ಹೇಗೋ ಕಲಿತಿರುತ್ತಾರೆ. “ನೋಡು, ನಾನು ಹೇಳಿದ್ದೆ. ಪರವಾಗಿಲ್ಲ ಬಿಡು ಭಾಮಾ, ಫೋಟೋ ಕಳಿಸ್ತೀನಿ. ವಿಡಿಯೊ ಕಾಲ್ ಕೂಡ ಮಾಡ್ತೀನಿ.”

“ಅಲ್ಲಿನ ತಿಂಡೀನೂ ವಿಡಿಯೊದಲ್ಲೇ ತಿನ್ನಿಸ್ತೀರಾ?”

ಅವಳಿಗೆ ಸಿಟ್ಟು ಬಂದಿತ್ತು. ಗಂಡನ ಮೇಲಲ್ಲ, ತನ್ನ ಮೇಲೆ. ಅಂಗಡಿಗೆ ಬಂದ ಗಿರಾಕಿ ಹೊಸ್ತಿಲಲ್ಲೇ ನಿಂತು ‘ನನ್ನ ಹತ್ತಿರ ದುಡ್ಡಿಲ್ಲ, ತೊಂದರೆ ಕೊಡುತ್ತೇನೆ, ಕ್ಷಮಿಸಿ’ ಎಂದರೆ ಅಪ್ಪ ಬೀಗ ಎತ್ತಿ ತೋರಿಸುತ್ತಿದ್ದರೇ? ನೀರು ಕೊಟ್ಟು ಕಳಿಸುತ್ತಿದ್ದರು.

ಜುಲೈ ಮೂರನೆಯ ವಾರ ಕೊನೆಯದೊಂದು ಉತ್ತರ ಬಂತು. ಐದೇ ಕೋಣೆಗಳ ಒಂದು ಮನೆಹೋಟೆಲು. ಹಳೆಯ ಊರಿನ ಓಣಿಯೊಳಗೆ ನಾಲ್ಕನೆಯ ಮಹಡಿ. ಒಡತಿಯ ಹೆಸರು ಅಸುಂತಾ. ಪತ್ರದಲ್ಲಿ ಇದ್ದದ್ದು ಇಷ್ಟು: ‘ಮೇಡಂ, ಕ್ಷಮೆ ಯಾಕೆ? ಏನಾದರೂ ಒಡೆದುಹಾಕಿದ್ದೀರಾ? ಬರೆಯಬೇಡಿ, ಮಾತಾಡಿ.’ ಕೆಳಗೆ ಫೋನ್ ನಂಬರು.

ಆ ಎರಡು ಸಾಲು ಓದಿ ಸತ್ಯಭಾಮಾ ಎದ್ದು ಕೂದಲು ಕಟ್ಟಿಕೊಂಡಳು. ಇದು ಪತ್ರವಲ್ಲ, ಗಿರಾಕಿಯನ್ನು ಹೊಸ್ತಿಲಿನಿಂದ ಒಳಗೆ ಕರೆಯುವ ದನಿ. ಅವಳು ಅದನ್ನು ಬಲ್ಲಳು.

ಟೋಕಿಯೊದ ಸಂಜೆ, ಜೆನೋವಾದ ಬೆಳಿಗ್ಗೆ ಎಂದು ಲೆಕ್ಕ ಹಾಕಿ ಕರೆ ಮಾಡಿದಳು. ಇಬ್ಬರದೂ ಮುರುಕು ಇಂಗ್ಲಿಷು, ಆದರೆ ಇಬ್ಬರೂ ಅದನ್ನು ಬೇರೆ ಬೇರೆ ಜಾಗದಲ್ಲಿ ಮುರಿದಿದ್ದರು, ಹಾಗಾಗಿ ಹೊಂದಿಕೊಂಡಿತು. ವಿಡಿಯೊದಲ್ಲಿ ಕಂಡದ್ದು ಎಪ್ಪತ್ತು ದಾಟಿದ, ಕೈಯಲ್ಲಿ ಬೀನ್ಸ್ ಸೋಸುತ್ತಿದ್ದ ದಪ್ಪ ಹೆಂಗಸು. ವಿಘ್ನೇಶ್ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಕೇಳಿಸಿಕೊಳ್ಳದವನಂತೆ ಕೇಳಿಸಿಕೊಂಡ.

ಅಸುಂತಾ ಸಮ್ಮೇಳನದ ನಾಲ್ಕು ರಾತ್ರಿಯ ಬೆಲೆ ಹೇಳಿದಳು. ಸತ್ಯಭಾಮಾ ಏನೂ ಹೇಳಲಿಲ್ಲ. ಅಪ್ಪನ ಅಂಗಡಿಯಲ್ಲಿ ಒಳ್ಳೆಯ ಗಿರಾಕಿ ಹೀಗೇ ಮಾಡುತ್ತಿದ್ದ. ಬೆಲೆ ಕೇಳಿ ಚಾವಣಿ ನೋಡುತ್ತಿದ್ದ.

“ಲೈನ್ ಹೋಯಿತೇ?” ಅಸುಂತಾ ಕೇಳಿದಳು.

“ಇಲ್ಲ. ನಿಮ್ಮ ಕೋಣೆಯ ಫೋಟೋ ನೋಡ್ತಾ ಇದೀನಿ. ಕಿಟಕಿ ಎದುರು ಸಮುದ್ರ ಇಲ್ಲ. ಪಕ್ಕದ ಮನೆಯವರ ಬನಿಯನ್ನು ಇದೆ.”

“ಸಮುದ್ರ ಬೇಕಾದವರು ದೊಡ್ಡ ಹೋಟೆಲ್‌ಗೆ ಹೋಗ್ತಾರೆ. ಬನಿಯನ್ನು ಶುಭ್ರವಾಗಿಯೇ ಇದೆ.”

“ಲಿಫ್ಟ್?”

“ಕಾಲು ಇಲ್ವಾ?”

“ಇದೆ. ಇಲ್ಲದ ಲಿಫ್ಟಿಗೂ ಸೇರಿಸಿ ಬೆಲೆ ಹೇಳಿದ್ರಾ ಅಂತ ಕೇಳಿದೆ.”

ಅತ್ತಲಿಂದ ಬೀನ್ಸಿನ ಸದ್ದು ನಿಂತಿತು. ನಂತರ ಒಂದು ನಗೆ, ಸಿಗರೇಟಿನಿಂದ ಒರಟಾದದ್ದು. ಬೆಲೆ ಸ್ವಲ್ಪ ಇಳಿಯಿತು. ಸಾಲದು. ಸತ್ಯಭಾಮಾ ಈಗ ಮುಖ್ಯ ವಿಷಯಕ್ಕೆ ಬಂದಳು. ಈ ಸಲ ಮಳೆ, ಹೂವು, ಕ್ಷಮೆ ಯಾವುದೂ ಇಲ್ಲದೆ.

“ಟೆಸ್ಟ್‌ನಲ್ಲಿ ಪಾಸಿಟಿವ್ ಬಂದ್ರೆ ನಾವು ಹತ್ತು ದಿನ ನಿಮ್ಮಲ್ಲೇ ಇರಬೇಕಾಗುತ್ತೆ. ಇಟ್ಕೊಳ್ತೀರಾ?”

“ಹಿತ್ತಲ ಕಡೆ ಒಂದು ಕೋಣೆ ಇದೆ, ಒಲೆ ಇದೆ. ನನ್ನ ಅಳಿಯ ಅಲ್ಲೇ ಮಲಗಿ ಎದ್ದ, ಸಾಯಲಿಲ್ಲ. ತರಕಾರಿ ಬಾಗಿಲ ಹತ್ತಿರ ಇಡ್ತೀನಿ. ಬಾಡಿಗೆ ಪೂರ್ತಿ.”

“ಅರ್ಧ.”

“ಅರ್ಧ? ಯಾಕೆ? ಕಾಯಿಲೆಯವರು ಅರ್ಧ ಮನುಷ್ಯರಾ?”

“ಆ ಹತ್ತು ದಿನ ನೀವು ನಮ್ಮ ಕೋಣೆ ಗುಡಿಸಲ್ಲ, ಹಾಸಿಗೆ ಬದಲಾಯಿಸಲ್ಲ, ಬಾಗಿಲೇ ತೆಗೆಯಲ್ಲ. ಮಾಡದ ಕೆಲಸಕ್ಕೆ ನಾನ್ಯಾಕೆ ಕೊಡ್ಲಿ?”

“ಆ ಕೋಣೆ ಬೇರೆಯವರಿಗೆ ಕೊಡೋಕೆ ಆಗಲ್ವಲ್ಲ!”

“ಸೆಪ್ಟೆಂಬರ್ ಕೊನೆ, ಹಿತ್ತಲ ಕೋಣೆ, ನಾಲ್ಕು ಮಹಡಿ, ಬನಿಯನ್ನು. ಯಾರು ಬರ್ತಾರೆ ಹೇಳಿ? ನಾವಿದ್ರೆ ಅರ್ಧ. ಇಲ್ದಿದ್ರೆ ಖಾಲಿ.”

ಪಕ್ಕದ ಕೋಣೆಯಲ್ಲಿ ವಿಘ್ನೇಶ್ ತಲೆಯ ಮೇಲೆ ಕೈ ಇಟ್ಟುಕೊಂಡ. ಹೀಗೆ ಮಾತಾಡಿದ ಮೇಲೆ ಎದುರಿನವರು ಫೋನ್ ಇಡುತ್ತಾರೆ ಎಂದು ಆರು ವರ್ಷದ ಜಪಾನು ಅವನಿಗೆ ಕಲಿಸಿತ್ತು. ಅಸುಂತಾ ಇಡಲಿಲ್ಲ. ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರ ಬಂದಳು.

“ಯಾರು ಕಲಿಸಿದ್ದು ನಿನಗೆ ಇದನ್ನ?”

“ನಮ್ಮಪ್ಪ. ಬೀಗದ ಅಂಗಡಿ.”

“ನಮ್ಮಪ್ಪ ಬಂದರಿನಲ್ಲಿ ಮೀನು ಮಾರ್ತಿದ್ದ. ಬೀಗ ಸಂಜೆ ಆದ್ರೂ ಹಾಗೇ ಇರುತ್ತೆ ಮಗಳೇ, ಮೀನು ಇರಲ್ಲ. ಅದಕ್ಕೇ ನಾನು ಬೇಗ ಇಳಿತೀನಿ, ನೀನು ನಿಧಾನಕ್ಕೆ ಏರ್ತೀಯ. ಸರಿ, ಏರು.”

ಅಲ್ಲಿಂದ ಮುಂದೆ ಅದು ವ್ಯವಹಾರವೋ, ಹಬ್ಬವೋ ಹೇಳುವುದು ಕಷ್ಟ. ಸತ್ಯಭಾಮಾ ಸ್ವಲ್ಪ ಏರಿದಳು, ಅಸುಂತಾ ಸ್ವಲ್ಪ ಇಳಿದಳು. ನಡುವೆ ಒಬ್ಬಳು ಬೀನ್ಸಿನ ಬುಟ್ಟಿ ಖಾಲಿ ಮಾಡಿದಳು, ಇನ್ನೊಬ್ಬಳು ಸಾರು ಇಟ್ಟಿದ್ದ ಒಲೆ ಆರಿಸಿ ಬಂದಳು. ಕಡಲೆಹಿಟ್ಟಿನದನ್ನು ಯಾವ ಅಂಗಡಿಯಲ್ಲಿ ತಿನ್ನಬೇಕು, ಯಾವುದರಲ್ಲಿ ತಿನ್ನಬಾರದು ಎಂಬ ವಿವರವೂ ಬೆಲೆಯೊಳಗೇ ಸೇರಿಬಂತು. ಕೊನೆಗೆ ನಿಂತ ಮೊತ್ತ ಯೂನಿವರ್ಸಿಟಿಯವರು ಕೊಡುವುದಕ್ಕಿಂತ ಒಂದು ಊಟದಷ್ಟು ಕಡಿಮೆ ಇತ್ತು. ಕಾಯಿಲೆ ಬಂದರೆ ಅರ್ಧ ಬಾಡಿಗೆ, ತರಕಾರಿಯ ದುಡ್ಡು ಬೇರೆ, ಅಡುಗೆ ಗಂಡ ಹೆಂಡತಿಯದೇ.

“ನನ್ನದೂ ಒಂದು ಷರತ್ತು,” ಅಸುಂತಾ ಬೆರಳೆತ್ತಿದಳು. “ಮೆಟ್ಟಿಲು ಹತ್ತೋವಾಗ ನಿನ್ನ ಗಂಡ ಏದುಸಿರು ಬಿಟ್ಕೊಂಡು ನನ್ನ ಬೈಯಬಾರದು. ಚೀಲ ಅವನೇ ಹೊರಬೇಕು.”

“ಅದನ್ನ ಫ್ರೀಯಾಗಿ ಕೊಡ್ತೀನಿ.”

ಫೋನ್ ಇಟ್ಟಾಗ ಸತ್ಯಭಾಮಾಳ ಕೆನ್ನೆ ಕೆಂಪಾಗಿತ್ತು. ಬಹಳ ದಿನಗಳ ನಂತರ ಓಡಿ ಬಂದವಳ ಹಾಗೆ. ವಿಘ್ನೇಶ್ ಬಾಗಿಲಲ್ಲಿ ನಿಂತು ಮೂರನೆಯ ಷರತ್ತಿಗಾಗಿ ತಲೆಯೊಳಗೆ ತಡಕಾಡಿದ. ಸಿಗಲಿಲ್ಲ.

“ಆದ್ರೂ... ಹಿತ್ತಲ ಕೋಣೆಯಲ್ಲಿ ವೈ-ಫೈ ಇದೆಯಂತಾ?”

“ಅಳಿಯ ಹತ್ತು ದಿನ ಇದ್ದು ಎದ್ದಿದಾನೆ ಅಂದ್ರೆ ಇದ್ದೇ ಇರುತ್ತೆ. ವೀಸಾ ಫೋಟೋ ತೆಗೆಸೋಕೆ ಯಾವತ್ತು ಹೋಗೋಣ?”

ಮರುದಿನ ಅಸುಂತಾಳಿಂದ ವೀಸಾಗೆ ಬೇಕಾದ ಬುಕಿಂಗ್ ಪತ್ರ ಬಂತು. ಅವಳು ಮಾತಾಡಿದ್ದು ಯಾರ ಜೊತೆಯೋ ಅವರ ಹೆಸರನ್ನೇ ಅತಿಥಿ ಎಂದು ಬರೆದಿದ್ದಳು: ಶ್ರೀಮತಿ ಸತ್ಯಭಾಮಾ, ಜೊತೆಗೆ ಗಂಡ. ಗಂಡನಿಗೆ ಹೆಸರೂ ಇದೆ ಎಂಬುದು ಫೋನಿನಲ್ಲಿ ಬಂದಿರಲಿಲ್ಲ. ಪಾಸ್‌ಪೋರ್ಟ್ ನಂಬರ್ ಕಳಿಸಿ ಹೆಸರು ಸೇರಿಸಲು ಹೇಳಿದಾಗಲೂ ಅದು ಎರಡನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲೇ ಬಂತು.

ವೀಸಾ ಕಚೇರಿಯ ಗಾಜಿನ ಆಚೆ ಕೂತಿದ್ದ ತರುಣಿ ಎರಡು ಮಾಸ್ಕ್ ಹಾಕಿಕೊಂಡು ಕಾಗದಗಳನ್ನು ಒಂದೊಂದಾಗಿ ಜೋಡಿಸಿದಳು. ಸಮ್ಮೇಳನದ ಆಹ್ವಾನ, ಉದ್ಯೋಗದ ಪತ್ರ, ಇನ್ಶೂರೆನ್ಸು. ಹೋಟೆಲಿನ ಪತ್ರ ಬಂದಾಗ ತಲೆಯೆತ್ತಿ ಕೇಳಿದಳು.

“ಮುಖ್ಯ ಪ್ರಯಾಣಿಕರು ಯಾರು?”

ವಿಘ್ನೇಶ್ ಬಾಯಿ ತೆರೆದ. ಹೆಂಡತಿಯ ಕಡೆ ನೋಡಿದ. ಅವಳು ಚಾವಣಿ ನೋಡುತ್ತಿದ್ದಳು.

“ಅವರು,” ಎಂದ. “ನಾನು ಜೊತೆಗೆ.”

ಆಗಸ್ಟಿನಲ್ಲಿ ಎರಡೂ ಪಾಸ್‌ಪೋರ್ಟು ವೀಸಾ ಹೊತ್ತು ಮನೆಗೆ ಬಂದವು. ಸತ್ಯಭಾಮಾ ಮೊದಲು ರತ್ನಾಳಿಗೆ ಫೋನ್ ಮಾಡಿದಳು, ಆಮೇಲೆ ಅಪ್ಪನಿಗೆ. ಅಪ್ಪ ಊರಿನ ಹೆಸರಾಗಲಿ, ಸಮುದ್ರದ ಹೆಸರಾಗಲಿ ಕೇಳಲಿಲ್ಲ. ಎಷ್ಟು ಹೇಳಿದರು, ಎಷ್ಟಕ್ಕೆ ಬಂತು ಎಂದು ಕೇಳಿದರು. ಅವಳು ಎರಡೂ ಹೇಳಿದಳು.

“ಇನ್ನೂ ಸ್ವಲ್ಪ ಎಳೀಬಹುದಿತ್ತಲ್ಲಮ್ಮ.”

“ಎಳೀಬಹುದಿತ್ತಪ್ಪ,” ಅವಳು ಬೆಡ್‌ಶೀಟಿನ ಮೇಲೆ ಹರಡಿದ ಬಟ್ಟೆಗಳ ನಡುವೆ ಕೂತು ಹೇಳಿದಳು. “ಆದ್ರೆ ಅವರ ಮನೇಲೇ ಮಲಗಬೇಕಲ್ಲ.”