ಅತ್ತೆಯ ಹೂದೋಟ ಹೋದ ಬಗೆ

ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದು ಇಪ್ಪತ್ತು-ಮೂವತ್ತರ ಸೈಟು. ಮನೆ ಕಟ್ಟಿದ ಮೇಲೆ ಮುಂದುಗಡೆ ಉಳಿದದ್ದು ಎರಡು ಮಂಚ ಹಾಕುವಷ್ಟು ಜಾಗ. ಅಲ್ಲಿ ನನ್ನ ಸ್ಕೂಟರ್ ನಿಲ್ಲಿಸಬೇಕೆಂದಿದ್ದೆ. ನಮ್ಮತ್ತೆ ಗುರುಲಿಂಗಮ್ಮ ಬಿಟ್ಟರೆ ತಾನೆ? ಪಣಕಹಳ್ಳಿಯ ಹೊಲದಿಂದ ಚೀಲಚೀಲ ಮಣ್ಣನ್ನು ಬಸ್ಸಿನಲ್ಲೇ ತಂದು ಸುರಿದರು. ಲಗೇಜು ಕೇಳಿದ ಕಂಡಕ್ಟರನಿಗೆ, ನಿನ್ನ ಹೆಂಡತಿಗೆ ಕನಕಾಂಬರ ಕೊಡುತ್ತೇನೆಂದು ಬಾಯಿ ಮುಚ್ಚಿಸಿದರು. ಆರು ವರ್ಷದಲ್ಲಿ ಸೇವಂತಿಗೆ, ನಂದಿಬಟ್ಟಲು, ದಾಸವಾಳ, ಬಣ್ಣದ ಡಬ್ಬಗಳಲ್ಲಿ ಗುಲಾಬಿ, ಗೋಡೆಯುದ್ದಕ್ಕೂ ಜಾಜಿ. ನನ್ನ ಸ್ಕೂಟರ್ ಬೀದಿಯಲ್ಲೇ ನೆನೆಯಿತು.

ಮೊದಲ ಹೂವು ಯಾರ ಮುಡಿಗೂ ಇಲ್ಲ. ಬೆಳಿಗ್ಗೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡಗೈಯಲ್ಲಿಟ್ಟುಕೊಂಡು ಅತ್ತೆ ಪೂಜೆ ಮಾಡುತ್ತಾರೆ. ಪೂಜೆ ಮುಗಿದ ಹೂವನ್ನು ಯಾರೂ ತುಳಿಯದಂತೆ ಗಿಡದ ಬುಡಕ್ಕೆ ಹಾಕುವುದು ನನ್ನ ಕೆಲಸ. ಲಿಂಗ ಕಳೆದರೆ ಸಿಗುವವರೆಗೂ ನೀರು ಮುಟ್ಟಬಾರದೆಂದು ನಮ್ಮಜ್ಜಿ ಹೇಳುತ್ತಿದ್ದಳು. ಈ ಕಾಲದಲ್ಲಿ ಅದನ್ನೆಲ್ಲ ಯಾರು ಮಾಡುತ್ತಾರೆ ಎಂದುಕೊಂಡಿದ್ದೆ.

ಆವತ್ತು ಪೂಜೆಯ ನಡುವೆ ಹಸುವೊಂದು ಗೇಟಿನೊಳಗೆ ತಲೆ ಹಾಕಿ ಸೇವಂತಿಗೆಗೆ ಬಾಯಿಟ್ಟಿತು. ಅತ್ತೆ ಲಿಂಗವನ್ನು ತಟ್ಟೆಯ ಹೂವಿನಲ್ಲಿಟ್ಟು ಓಡಿದರು. ಬೀದಿ ಕೊನೆಯವರೆಗೂ ಅದನ್ನು ಅಟ್ಟಿದರು. ನಾನು ಅಡುಗೆಮನೆಯಿಂದ ಬಂದರೆ ಮಣೆ ಖಾಲಿ. ಪೂಜೆ ಮುಗಿಯಿತೆಂದುಕೊಂಡೆ. ಹೊರಗೆ ಕಸದ ಗಾಡಿಯ ಸೀಟಿ; ನನಗೋ ಕೆಲಸಕ್ಕೆ ಹೊತ್ತಾಗಿತ್ತು. ಕಸದ ಬುಟ್ಟಿಯ ಜೊತೆಗೆ ತಟ್ಟೆಯನ್ನೂ ಗಾಡಿಗೇ ಬೋರಲು ಹಾಕಿದೆ. ಹಾಗೆ ಮಾಡಿದ್ದು ಅದೇ ಮೊದಲ ಸಲವೇನಲ್ಲ.

ಅತ್ತೆ ಏದುಸಿರು ಬಿಡುತ್ತಾ ಬಂದರು.

"ತಟ್ಟೇಲಿದ್ದ ಊವ ಏನ್ ಮಾಡ್ದೆ, ರಂಜಿತ?"

"ಗಿಡದ ಬುಡಕ್ಕೆ ಸುರಿದ್ಬುಟ್ಟೆ ಅತ್ತೆ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

"ಅಯ್ಯೋ, ಅದ್ರೊಳಗೆ ಲಿಂಗ ಇತ್ತು ಕಣವ್ವ! ಯಾವ ಗಿಡ?"

ನೆನಪಿಲ್ಲವೆಂದೆ. ಏನೋ ನೆಪ ಹೇಳಿ ಸ್ಕೂಟರ್ ಹತ್ತಿ, ಊರಾಚೆ ಕಸ ಸುರಿಯುವ ಜಾಗಕ್ಕೆ ಹೋದೆ. ಗಾಡಿ ಕಸ ಸುರಿದು ಹೋಗಿತ್ತು. ಗುಡ್ಡೆಗೆ ಬೆಂಕಿ ಹತ್ತಿ ಉರಿಯುತ್ತಿತ್ತು. ಮನೆಗೆ ಬಂದು ಹೇಳಿದೆನೇ? ಇಲ್ಲ.

ನನ್ನ ಗಂಡ ವೃಷಭೇಂದ್ರ ಮಠಕ್ಕೆ ಫೋನ್ ಮಾಡಿದರು. ನಿಜವಾಗಿಯೂ ಹೋಗಿದ್ದರೆ ಕರೆದುಕೊಂಡು ಬನ್ನಿ, ಇನ್ನೊಂದು ಕಟ್ಟೋಣ ಎಂದರು ಸ್ವಾಮಿಗಳು. ಅತ್ತೆ ಒಪ್ಪಲಿಲ್ಲ.

"ಓಗಿಲ್ಲ ಕಣಪ್ಪ, ಇಲ್ಲೇ ಅವ್ನೆ ನನ್ ಸಿವ. ಅವ್ನ ಮಣ್ಣಲ್ಲಿ ಬುಟ್ಟು ಇನ್ನೊಂದ ಕಟ್ಕಂಡೇನಾ?"

ಅರವತ್ತೆಂಟು ವರ್ಷದ ಸಕ್ಕರೆ ಕಾಯಿಲೆಯ ಹೆಂಗಸು. ಆ ದಿನವೆಲ್ಲ ಗುಟುಕು ನೀರು ಕುಡಿಯಲಿಲ್ಲ, ಮಾತ್ರೆಯನ್ನೂ ಮುಟ್ಟಲಿಲ್ಲ. ಬುಡಗಳನ್ನು ಬೆರಳಿನಲ್ಲೇ ಕೆದಕಿದರು. ಮಾರನೇ ಬೆಳಿಗ್ಗೆ ಗುದ್ದಲಿ ಹಿಡಿದರು. ಮೊದಲು ದಾಸವಾಳ, ಆಮೇಲೆ ನಂದಿಬಟ್ಟಲು. ಮೊಗ್ಗು ತುಂಬಿದ್ದ ಸೇವಂತಿಗೆಯನ್ನು ಬೇರುಸಮೇತ ಕಿತ್ತು ಒದರಿದರು. ಗಂಡ ಅಗೆದು ಕೊಟ್ಟ ಮಣ್ಣನ್ನು ನಾನು ರಾಗಿ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆ. ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಹಿಡಿದೆ! ನಾನು ಮನುಷ್ಯಳೇ ಎಂದು ನನಗೇ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಜಾಜಿಯೊಂದೇ ಉಳಿದಿತ್ತು. ಅದನ್ನೂ ಎಳೆದು ಕೆಡವಿದ ಅತ್ತೆ ಗೋಡೆಗೆ ಒರಗಿ ಹಾಗೇ ಜಾರಿ ಕುಳಿತರು. ತುಟಿ ಒಡೆದಿತ್ತು, ಕಣ್ಣು ಮೇಲೆ ಹೋಗುತ್ತಿತ್ತು. ನಾನು ಜರಡಿ ಬಿಸಾಡಿ ಅವರ ಕಾಲು ಹಿಡಿದುಕೊಂಡೆ.

"ಕಸದ ಗಾಡಿಗೆ ಆಕ್ಬುಟ್ಟೆ ಅತ್ತೆ. ಬೆಂಕಿ ಬಿದ್ದೋಯ್ತು. ಇಲ್ಲಿಲ್ಲ."

ಗಂಡನ ಕೈಯಿಂದ ಗುದ್ದಲಿ ಕೆಳಗೆ ಬಿತ್ತು. ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಬಿಸಿಲಿಗೆ ಬಾಡಿ ಬಿದ್ದಿದ್ದ ಗಿಡಗಳನ್ನು ಒಂದೊಂದಾಗಿ ನೋಡಿದರು.

"ನೆನ್ನೇನೇ ಯೋಳಿದ್ರೆ ಇವಾದ್ರೂ ಉಳೀತಿದ್ವಲ್ಲವ್ವ."

ಸಂಜೆ ಮಠದಲ್ಲಿ ಹೊಸ ಲಿಂಗ ಕಟ್ಟಿಸಿಕೊಂಡು ಬಂದರು. ನೀರನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಕುಡಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೆಳಿಗ್ಗೆ ಅಂಗಡಿಯ ಹೂವಿನಲ್ಲಿ ಪೂಜೆ ಮುಗಿಸಿದರು. ನಾನು ಕೈ ಚಾಚಿದೆ. ಅತ್ತೆ ತಟ್ಟೆ ಕೊಡಲಿಲ್ಲ. ತಾವೇ ಎದ್ದು ಹೋಗಿ, ಒಂದು ಗಿಡವೂ ಇಲ್ಲದ ಆ ಮಣ್ಣಿಗೆ ಹೂವು ಸುರಿದು ಬಂದರು.