ಮೇಡಂ ತಿದ್ದಿದ ವಾಕ್ಯ

ಕಳೆದ ತಿಂಗಳು ಅಮ್ಮನ ಹಳೆಯ ಹಾಡಿನ ಪುಸ್ತಕಕ್ಕೆ ರಟ್ಟು ಹಾಕಿಸಲು ಚಾಮರಾಜಪೇಟೆಯ ಬೈಂಡಿಂಗ್ ಅಂಗಡಿಯೊಂದಕ್ಕೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ಏನೋ ಕೇಳುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ. ಬಸವನಗುಡಿಯ ಒಂದು ಕೋಣೆ, ಒಂದು ಭಾನುವಾರ, ನಮ್ಮ ಫ್ರೆಂಚ್ ಮೇಡಂ…

ಆಗ ನನಗೆ ಇಪ್ಪತ್ಮೂರು, ಅವರಿಗೆ ಐವತ್ತೈದರ ಆಸುಪಾಸು. ತಮ್ಮ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ನಮ್ಮ ಆರು ಜನರಿಗೆ ಪಾಠ ಹೇಳುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಅತ್ತಿಗೆಯ ಬಾಣಂತನ, ಅಣ್ಣನ ಮಗನ ಓದು, ತಾಯಿಯ ಕೊನೆಗಾಲದ ಆರೈಕೆ ಎನ್ನುತ್ತಾ ಆ ಮಾತನ್ನು ಮನೆಯವರು ಎತ್ತುವುದನ್ನೇ ಬಿಟ್ಟಿದ್ದರಂತೆ.

ಕ್ಲಾಸು ಮುಗಿಯುವ ಹೊತ್ತಿಗೆ ಒಬ್ಬರು ಬರುತ್ತಿದ್ದರು. ಮೇಡಂ ಅವರ ಹರಿದ ನಿಘಂಟುಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವರು. ನಾವು ಬೈಂಡಿಂಗ್ ಅಂಕಲ್ ಎನ್ನುತ್ತಿದ್ದೆವು. ಹೆಂಡತಿಯನ್ನು ಕಳೆದುಕೊಂಡವರು, ಮಿತಭಾಷಿ. ಎರಡು ತಿಂಗಳ ಹಿಂದಷ್ಟೇ ಕಟ್ಟಿಕೊಟ್ಟಿದ್ದ ಪುಸ್ತಕವನ್ನೇ ಕೆಲವೊಮ್ಮೆ ಮತ್ತೆ ಒಯ್ಯುತ್ತಿದ್ದರು. ಅದೇಕೆಂದು ನಮಗೆ ಆಗ ಹೊಳೆದಿರಲಿಲ್ಲ.

ಒಂದು ಭಾನುವಾರ ಮೇಡಂ ಪಾಠ ಬಿಟ್ಟು ಒಂದು ಫ್ರೆಂಚ್ ಸಿನಿಮಾ ಹಾಕಿದರು. ಚಿಕ್ಕ ಊರಿನ ದೊಡ್ಡ ಕುಟುಂಬ. ಮದುವೆಯಾಗದೆ ಉಳಿದ ಅತ್ತೆಯೊಬ್ಬಳು ಪಿಯಾನೊ ರಿಪೇರಿಯವನನ್ನು ಪ್ರೀತಿಸುತ್ತಾಳೆ. ಊಟದ ಮೇಜಿನಲ್ಲಿ ವಿಷಯ ಹೇಳಿದಾಗ ಅವಳ ತಮ್ಮ ಸೂಪು ಚೆಲ್ಲಿಕೊಳ್ಳುತ್ತಾನೆ, ತಮ್ಮನ ಹೆಂಡತಿ ಮೂರ್ಛೆ ಹೋದವಳಂತೆ ನಟಿಸುತ್ತಾಳೆ, ಮಕ್ಕಳು ಕಿರುಚುತ್ತಾರೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಲ್ಲಿಗೆ ಮೇಡಂ ಸಿನಿಮಾ ನಿಲ್ಲಿಸಿದರು.

"ಈಗ ಅವಳು ಏನು ಮಾಡ್ಬೇಕು? ಒಬ್ಬೊಬ್ರೂ ಫ್ರೆಂಚಲ್ಲೇ ಹೇಳಿ."

ನನ್ನ ಸರದಿ ಬಂದಾಗ, ಆ ವಾರ ಕಲಿತ ಪದಗಳನ್ನೆಲ್ಲ ಸೇರಿಸಿ ಒಂದು ಉದ್ದನೆಯ ವಾಕ್ಯ ಕಟ್ಟಿದೆ. ಪ್ರೀತಿ ಮಾಡುವ ವಯಸ್ಸು ಇವಳಿಗೆ ಎಂದೋ ದಾಟಿದೆ, ಇವಳೀಗ ಮುದುಕ, ಇದು ನಗೆಪಾಟಲು, ಸುಮ್ಮನೆ ಮನೆಯಲ್ಲಿರಲಿ… ಎಲ್ಲರೂ ನಕ್ಕರು. ನನಗೆ ಹೆಮ್ಮೆಯಾಯಿತು.

ಮೇಡಂ ನಗಲಿಲ್ಲ. "ಮುದುಕ ಅಲ್ಲ, ಮುದುಕಿ. ಸ್ತ್ರೀಲಿಂಗ ಹಾಕು. ಹೆಂಗಸಲ್ವೇನೆ ಅವಳು?" ಎಂದರು. ನಾನು ತಿದ್ದಿಕೊಂಡು, ಇಡೀ ವಾಕ್ಯವನ್ನು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿದೆ.

ಸಿನಿಮಾದ ಕೊನೆಗೆ ಅವಳು ಅವನನ್ನು ಮದುವೆಯಾದಳು. ಜಗಳವಾಡಿದವರೆಲ್ಲ ಬಂದು ಕುಣಿದರು. ಮೇಡಂ ಟಿವಿ ಆರಿಸಿದರು.

ಮೂರು ವಾರಗಳ ನಂತರ ನಾನು ಬೇಗ ಹೋಗಿದ್ದೆ. ಗೇಟಿನ ಬಳಿ ಅಂಕಲ್ ನಿಂತಿದ್ದರು. ಕಾಗದದಲ್ಲಿ ಸುತ್ತಿದ ನಿಘಂಟನ್ನು ನನ್ನ ಕೈಗಿಟ್ಟು, "ಮೇಡಮ್ಮಿಗೆ ಕೊಟ್ಬಿಡಮ್ಮ. ಇನ್ಮೇಲೆ ನಾನು ಬರಲ್ಲ, ಬೇರೆ ಯಾರ್ಗಾದ್ರೂ ಕೊಡೋಕ್ಹೇಳು" ಎಂದು ಹೊರಟೇಬಿಟ್ಟರು.

ಮೇಡಂ ಕಿಟಕಿಯ ಪರದೆಯ ಹಿಂದೆಯೇ ಇದ್ದರು. ಪುಸ್ತಕ ತೆಗೆದುಕೊಂಡು ಎದೆಗೊತ್ತಿಕೊಂಡರು.

"ಮದ್ವೆ ಆಗ್ತೀರಾ ಅಂತ ಕೇಳಿದ್ರು ಕಣೇ. ಬೇಡ ಅಂದ್ಬಿಟ್ಟೆ."

ನನಗೆ ನನ್ನ ವಾಕ್ಯ ನೆನಪಾಗಿ ಕಿವಿ ಬಿಸಿಯಾಯಿತು. "ಮೇಡಂ, ನಾನು ಅವತ್ತು ಸುಮ್ನೆ…"

"ನಿನ್ನಿಂದ ಅಲ್ಲ ಬಿಡು. ಮನೇಲೂ ಅದನ್ನೇ ಅಂದ್ರು." ಆಮೇಲೆ ಮೆಲ್ಲಗೆ ಹೇಳಿದರು: "ಹುಡುಗ್ರಾದ್ರೂ ಬೇರೆ ಥರ ಹೇಳ್ತೀರೇನೋ ಅನ್ಕೊಂಡಿದ್ದೆ."

ಆ ಕೋರ್ಸು ಮುಗಿದ ಮೇಲೆ ನಾನು ಆ ಮನೆಗೆ ಹೋಗಲಿಲ್ಲ. ನಾಚಿಕೆಯಿತ್ತು. ಆಮೇಲೆ ಕೆಲಸ, ಮದುವೆ, ಮದುವೆ ಮುರಿದದ್ದು… ಒಬ್ಬಳೇ ಅಡುಗೆ ಮಾಡಿಕೊಂಡು ಒಬ್ಬಳೇ ಉಣ್ಣುವ ಭಾನುವಾರಗಳು ಎಷ್ಟು ಉದ್ದವೆಂಬುದು ತಿಳಿದದ್ದು ನಲವತ್ತು ದಾಟಿದ ಮೇಲೆ. ಆಗಲೂ ಹೋಗಲಿಲ್ಲ.

ಬೈಂಡಿಂಗ್ ಅಂಗಡಿಯಿಂದ ಅಂದು ನೇರ ಬಸವನಗುಡಿಗೆ ಹೋದೆ. ಮನೆ ಹಾಗೇ ಇತ್ತು. ಮುಂದಿನ ಕೋಣೆಯಲ್ಲಿ ಎರಡು ಸ್ಕೂಟರ್ ನಿಂತಿದ್ದವು. ಬಾಗಿಲು ತೆರೆದವನು ಮೇಡಂ ಅವರ ಅಣ್ಣನ ಮಗ.

"ಅತ್ತೆ ಹೋಗಿ ಆರು ವರ್ಷ ಆಯ್ತಲ್ಲ. ನಿಮಗೆ ಗೊತ್ತಿರ್ಲಿಲ್ವಾ?"

ಕೊನೆಯಲ್ಲಿ ಯಾರಾದರೂ ನೋಡಲು ಬರುತ್ತಿದ್ದರಾ ಎಂದು ಕೇಳಿದೆ.

"ಯಾರೂ ಇಲ್ಲ. ಹೋದ ದಿನ ಮಾತ್ರ ಒಬ್ರು ವಯಸ್ಸಾದೋರು ಬಂದಿದ್ರು. ಒಳಗ್ಬನ್ನಿ ಅಂದ್ರೂ ಬರ್ಲಿಲ್ಲ. ಗೇಟ್ ಹತ್ರಾನೇ ತುಂಬಾ ಹೊತ್ತು ನಿಂತಿದ್ದು ಹೋದ್ರು. ಯಾರೂಂತ ಗೊತ್ತಾಗ್ಲಿಲ್ಲ."

ನನಗೆ ಗೊತ್ತಿತ್ತು. ಆದರೆ ಹೇಳಲಿಲ್ಲ, ಹೇಳುವ ಹಕ್ಕು ನನಗಿದೆಯೆನಿಸಲಿಲ್ಲ. ಅವನು ತಂದುಕೊಟ್ಟ ನೀರು ಕುಡಿದು ಹೊರಟೆ. ಕ್ಷಮೆ ಕೇಳಬೇಕಾದ ಇಬ್ಬರಲ್ಲಿ ಒಬ್ಬರು ಇಲ್ಲ. ಇನ್ನೊಬ್ಬರನ್ನು ಹುಡುಕೋಣವೆಂದರೆ, ಅವರ ಹೆಸರನ್ನು ನಾವು ಯಾರೂ ಕೇಳಿಯೇ ಇರಲಿಲ್ಲ.