ಕೋಟು ಕಾಯುವ ಬುರುಲ್ ಕಂಡ ಕೊನೆಯ ಅಂಕ

ಬಿಷ್ಕೆಕ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿದೆ. ಬ್ಯಾಲೆ ರಂಗಮಂದಿರದಲ್ಲಿ, ಪ್ರೇಕ್ಷಕರು ಕೋಟು ಬಿಚ್ಚಿಟ್ಟು ಹೋಗುವ ಕೋಟುಕೋಣೆಯಲ್ಲಿ ಬುರುಲ್ ಒಬ್ಬರೇ ಕುಳಿತು, ಯಾರೋ ನಿನ್ನೆ ಮರೆತುಹೋದ ಕೋಟಿಗೆ ಕುಣಿಕೆ ಹೊಲಿಯುತ್ತಿದ್ದಾರೆ.

"ಇಷ್ಟು ಚೆಂದದ ಕೋಟು, ಮೊಳೆಗೆ ಹಾಕೋ ಕುಣಿಕೇನೇ ಇಲ್ಲ! ನಾನೇನು ತಲೆ ಮೇಲೆ ಹೊತ್ಕೊಂಡು ನಿಲ್ಬೇಕಾ?" ಬಾಯಿ ಜೋರು, ಕೈ ಮಾತ್ರ ಬಲು ಮೃದು.

ನಾರಿನ್ ಎಂಬ ಬೆಟ್ಟದ ಸೀಮೆಯಿಂದ ಸೊಸೆಯಾಗಿ ಬಂದವರು. ದುಡಿಯಲು ರಷ್ಯಾಕ್ಕೆ ಹೋದ ಗಂಡ ಅಲ್ಲೇ ತೀರಿಕೊಂಡ ಮೇಲೆ ಈ ಕೆಲಸ ಹಿಡಿದರು. ಜನರೆಲ್ಲ ಒಳಗೆ ಹೋದ ಬಳಿಕ ಬಾಲ್ಕನಿಯ ಪರದೆ ಸಂದಿಯಿಂದ ಇಣುಕುತ್ತಾರೆ. ಈ ವರ್ಷ ಬಂದ ಬ್ಯಾಲೆಗಳನ್ನೆಲ್ಲ ನೋಡಿದ್ದಾರೆ, ಒಂದನ್ನು ಬಿಟ್ಟರೆ ಯಾವುದರ ಕೊನೆಯನ್ನೂ ನೋಡಿಲ್ಲ. ಕೊನೆಯ ಅಂಕ ಶುರುವಾದರೆ ಸಾಕು, ಬಸ್ಸು ತಪ್ಪೀತೆಂದು ಕೋಟಿಗೆ ಓಡಿಬರುವವರು ಇದ್ದೇ ಇರುತ್ತಾರೆ. "ಮದುವೆಗೆ ಹೋಗಿ ಊಟಕ್ಕೆ ಮುಂಚೆ ಎದ್ದು ಬಂದಂಗೆ" ಎಂದು ನಗುತ್ತಾರೆ. ವಸಂತದಲ್ಲಿ ಬಂದ ಬ್ಯಾಲೆಯ ರಾಜಕುಮಾರಿ, ಶರತ್ಕಾಲದ ಬ್ಯಾಲೆಯ ಕುರುಡು ಗಾಯಕ, ಎಲ್ಲರೂ ಕೊನೆ ಕಾಣದೆ ಅವರ ಕನಸಿನಲ್ಲಿ ಅಲೆಯುತ್ತಾರೆ.

ಮನೆಯಲ್ಲಿ ಅತ್ತೆ ಅನಾರ್ಕಾನ್ ಹಾಸಿಗೆ ಹಿಡಿದಿದ್ದಾರೆ. ಹರೆಯದಲ್ಲಿ ಒಂದೇ ಒಂದು ಬ್ಯಾಲೆ ನೋಡಿದ್ದರಂತೆ. ಬೇಟೆಗಾರನಿಂದ ತಪ್ಪಿಸಿಕೊಂಡು ಮನೆಗೆ ಓಡುವ ಜಿಂಕೆ-ಹುಡುಗಿಯ ಕಥೆ. ನಡುವೆಯೇ ಹೆರಿಗೆ ನೋವು ಬಂದು ಎದ್ದರು. ಅಂದು ಹುಟ್ಟಿದ ಒಬ್ಬನೇ ಮಗ ಬುರುಲ್‌ರ ಗಂಡ. ಅದೇ ಬ್ಯಾಲೆ ಈ ಡಿಸೆಂಬರಿನಲ್ಲಿ ಮತ್ತೆ ಬಂತು.

"ಆ ಹುಡುಗಿ ಮನೆ ಸೇರಿದ್ಳಾ ಇಲ್ವಾ, ನೋಡ್ಕೊಂಡು ಬಾರೇ. ತಿಳ್ಕೊಳ್ದೆ ಕಣ್ಣು ಮುಚ್ಚಲ್ಲ ನಾನು" ಎಂದು ಅತ್ತೆ ಹಟ ಹಿಡಿದರು.

ಆ ಸಂಜೆ ಕೊನೆಯ ಅಂಕ ಶುರುವಾದಾಗ ಜೊತೆಗೆಲಸದ ಕಲಿಪಾ ಅವರನ್ನು ಬಾಲ್ಕನಿಯತ್ತ ತಳ್ಳಿಯೇಬಿಟ್ಟರು: "ಹೋಗೇ ಮಾರಾಯ್ತಿ! ಬಸ್ಸಿನೋರನ್ನ ನಾನು ನೋಡ್ಕೋತೀನಿ."

ಬುರುಲ್ ಪರದೆ ಸರಿಸಿ ನಿಂತರು. ವೇದಿಕೆಯ ತುಂಬ ನೀಲಿ ಬೆಳಕು. ಜಿಂಕೆ-ಹುಡುಗಿ ನದಿ ದಾಟಿ, ಅಮ್ಮನ ಡೇರೆಯ ಬಾಗಿಲ ತನಕ ತೇಲುವಂತೆ ಬಂದಳು. ಒಳಗೆ ಕಾಲಿಡುವ ಮುಂಚೆ ಅಲ್ಲೇ ಬೇಟೆಗಾರನ ಬಾಣ ತಗುಲಿ ಬಿದ್ದಳು. ಬುರುಲ್‌ಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದರೆ ಅತ್ತೆ ದಿಂಬಿಗೆ ಒರಗಿ ಕಾಯುತ್ತಿದ್ದರು. "ಏನಾಯ್ತೇ?"

"ಮನೆ ಸೇರಿದ್ಳು ಅತ್ತೆ. ಅವಳಮ್ಮ ಬಾಗಿಲಲ್ಲೇ ನಿಂತಿದ್ಳು."

"ನಾ ಹೇಳ್ಲಿಲ್ವಾ!" ಮುದುಕಿ ತಾವೇ ಕೇಳಿ ಹಾಕಿಸಿಕೊಂಡು ಎರಡು ಬಟ್ಟಲು ಚಹಾ ಕುಡಿದರು.

ಸುಳ್ಳು ಹೇಳಿದ್ದಕ್ಕೆ ಬುರುಲ್‌ಗೆ ಬೇಸರವಿಲ್ಲ. "ಅವರ ಮಗನಂತೂ ವಾಪಸ್ ಬರ್ಲಿಲ್ಲ" ಎನ್ನುತ್ತಾರೆ. "ಈ ಹುಡುಗಿಯಾದ್ರೂ ಮನೆ ಸೇರ್ಲಿ ಅಂತ."